ಬೆನ್ನಿನ ಸಿಪ್ಪೆ ಏಕೆ ಸುಲಿಯಿತು?

ಬೇಸಿಗೆ ರಜೆಯಲ್ಲಿ ಒಂದು ದಿನವಿಡೀ ಕೆರೆಯಲ್ಲಿ ಈಜಿದೆ. ರಾತ್ರಿ ಬೆನ್ನು ಉರಿಯಿತು. ನಾಲ್ಕೈದು ದಿನಕ್ಕೆ ಸಿಪ್ಪೆ ಸುಲಿಯಿತು. ಅವ್ವ ಹೆದರಿದಳು. ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು:

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವು ಚರ್ಮದ ಜೀವಕೋಶದೊಳಗಿನ ಡಿ.ಎನ್.ಎ.ಯನ್ನು ಕೆಡಿಸುತ್ತವೆ. ಆಗ ಪಿ53 ಎಂಬ ಪ್ರೋಟೀನು ಕೋಶದ ವಿಭಜನೆಯನ್ನು ತಡೆದು, ರಿಪೇರಿಗೆ ಸಮಯ ಕೊಡುತ್ತದೆ. ರಿಪೇರಿ ಆಗದಷ್ಟು ಕೆಟ್ಟಿದ್ದರೆ ಕೋಶ ತಾನಾಗಿಯೇ ಸಾಯುತ್ತದೆ. ಕೆಟ್ಟ ಕೋಶ ಸಾಯದೆ ಹೆಚ್ಚುತ್ತಾ ಹೋದರೆ ಮುಂದೆ ಕ್ಯಾನ್ಸರ್ ಆಗಬಹುದು. ಅಂದರೆ ನನ್ನ ಬೆನ್ನಿನ ಕೋಶಗಳು ನನ್ನನ್ನು ಕಾಯಲೆಂದೇ ಸತ್ತಿದ್ದವು!

ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ನಮಗೆ ಕೊಡೆ ಇದ್ದಂತೆ. ಆದರೆ ಆ ಕೊಡೆ ಎಲ್ಲ ಬಿಸಿಲನ್ನೂ ತಡೆಯಲಾರದು. ನಮ್ಮಪ್ಪ ಹೊಲದಲ್ಲಿ ಬರಿಮೈಯಲ್ಲೇ ದುಡಿಯುತ್ತಾನೆ. "ಅಂಗಿ ಹಾಕ್ಕೊಂಡು ಹೋಗಪ್ಪ" ಅಂದೆ. ನಕ್ಕ. ಮರುದಿನ ಹಾಕ್ಕೊಂಡೇ ಹೋದ.

ಗೆಳೆಯರೇ, ನೀವೂ ನಡುಮಧ್ಯಾಹ್ನ ಈಜಬೇಡಿ.