ಅಂಚೆಚೀಟಿ: ನಾಡು ನೆನೆಯುವ ಪರಿ

ನೆನಪು ನಿಲ್ಲಬೇಕಾದರೆ ಅದಕ್ಕೊಂದು ಆಸರೆ ಬೇಕು. ನಮ್ಮ ಪೂರ್ವಿಕರು ಆ ಆಸರೆಯನ್ನು ಕಲ್ಲಿನಲ್ಲಿ ಕಂಡುಕೊಂಡರು. ತುರುಗಳನ್ನು ಕಾಯುವುದರಲ್ಲಿ ಮಡಿದ ವೀರನಿಗೆ ವೀರಗಲ್ಲು, ದತ್ತಿಯಿತ್ತ ದಾನಿಗೆ ದಾನಶಾಸನ, ಕೆರೆ ಕಟ್ಟಿಸಿದ ಪುಣ್ಯವಂತನಿಗೆ ಏರಿಯ ಮೇಲೊಂದು ಬರಹ. ಇಂದಿನ ರಾಷ್ಟ್ರಗಳು ಇದೇ ಕಾರ್ಯಕ್ಕೆ ಆರಿಸಿಕೊಂಡಿರುವ ಸಾಧನಗಳಲ್ಲಿ ಅತ್ಯಂತ ಚಿಕ್ಕದು ಅಂಚೆಚೀಟಿ. ನಮ್ಮ ಅಂಚೆ ಇಲಾಖೆಯು ಬರುವ ವರ್ಷದಲ್ಲಿ ಯಾವ ಮಹನೀಯರ, ಯಾವ ಸಂಸ್ಥೆಗಳ, ಯಾವ ಸ್ಥಳ ಮತ್ತು ಘಟನೆಗಳ ಸ್ಮಾರಕ ಚೀಟಿಗಳನ್ನು ಹೊರಡಿಸಬೇಕೆಂಬುದನ್ನು ಮುಂಚಿತವಾಗಿಯೇ ಯೋಜಿಸುತ್ತದೆ. ಆ ಯೋಜನೆಯಲ್ಲಿ ಕನ್ನಡನಾಡಿಗೆ ದೊರೆತಿರುವ ಪಾಲೇನು, ನಮ್ಮ ಬೀರೂರು ಸೀಮೆಯಿಂದ ಸಲ್ಲಬಹುದಾದುದೇನು, ಅದಕ್ಕಾಗಿ ಶಾಲೆಯೊಂದು ಮಾಡಬಹುದಾದ ಕೆಲಸವೇನು ಎಂಬುದನ್ನು ಅಧ್ಯಾಪಕ ಮಿತ್ರರ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಪದವಿಚಾರ

ಭಾರತದ ಅನೇಕ ಭಾಷೆಗಳಲ್ಲಿ ‘ಡಾಕ್’ ಎಂಬ ಮಾತು ಬಳಕೆಯಲ್ಲಿದ್ದರೆ ಕನ್ನಡಕ್ಕೆ ‘ಅಂಚೆ’ ಎಂಬ ತನ್ನದೇ ಮಾತುಂಟು. ಹಳಗನ್ನಡದಲ್ಲಿ ‘ಅಂಚೆ’ಯೆಂದರೆ ಹಂಸ, ಸಂಸ್ಕೃತದ ‘ಹಂಸ’ ಶಬ್ದದ ತದ್ಭವವದು. ನಳನ ಸಂದೇಶವನ್ನು ದಮಯಂತಿಗೆ ಮುಟ್ಟಿಸಿದ ದೂತನೂ ಹಂಸವೇ ಆದುದರಿಂದ ಪತ್ರವಾಹಕ ವ್ಯವಸ್ಥೆಗೆ ಈ ಹೆಸರು ಬಂದಿತೆಂದು ಹೇಳುವವರಿದ್ದಾರೆ. ಓಟಗಾರರು ಬದಲಾಗುವ ಠಾಣ್ಯಕ್ಕೆ ಅಂಚೆಯೆಂಬ ಹೆಸರಿತ್ತೆಂದೂ ಅದೇ ವ್ಯವಸ್ಥೆಗೆಲ್ಲ ಹಬ್ಬಿತೆಂದೂ ಹೇಳುವವರಿದ್ದಾರೆ. ನಿಷ್ಪತ್ತಿ ಯಾವುದೇ ಇರಲಿ, ವ್ಯವಸ್ಥೆ ಮಾತ್ರ ನಮ್ಮದೇ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಅಂಚೆಯು ಎರಡು ಶತಮಾನಗಳಿಗೂ ಮಿಕ್ಕಿ ನಡೆದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾಯಿತು. ಬೀರೂರಿನಿಂದ ಶಿವಮೊಗ್ಗೆಗೆ ರೈಲುಮಾರ್ಗ ತೆರೆದುದೂ ಅದೇ 1889ರಲ್ಲಿ. ಓಟಗಾರನ ಹೆಗಲ ಮೇಲಿನ ಚೀಲ ಗಾಡಿಯನ್ನೇರಿದ ಆ ಕಾಲಸಂಧಿಯಲ್ಲಿ ನಮ್ಮ ಊರು ಕವಲುದಾರಿಯ ನಿಲ್ದಾಣವಾಯಿತು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಪದ್ಧತಿ ಜಾರಿಗೆ ಬಂದ ಮೇಲೆ ಬೀರೂರಿನ ವಿಳಾಸ 577116 ಎಂಬ ಆರು ಅಂಕಿಗಳಲ್ಲಿಯೂ ಅಡಗಿತು.

ಚೀಟಿಯ ಹುಟ್ಟು

ಪತ್ರದ ಶುಲ್ಕವನ್ನು ಬರೆದವನು ಮೊದಲೇ ತೆರುವುದು ಇಂದು ಸಹಜವೆನಿಸುತ್ತದೆ. ಹಿಂದೆ ಬಹುಮಟ್ಟಿಗೆ ಪತ್ರ ಪಡೆದವನೇ ಹಣ ಕೊಡಬೇಕಾಗಿತ್ತು. ಆತ ಒಲ್ಲೆನೆಂದರೆ ಪತ್ರ ಹೊತ್ತ ಶ್ರಮವೆಲ್ಲ ವ್ಯರ್ಥ. ಈ ತೊಡಕನ್ನು ಬಿಡಿಸಲು ಇಂಗ್ಲೆಂಡಿನ ರೋಲೆಂಡ್ ಹಿಲ್ ಸೂಚಿಸಿದ ಉಪಾಯದ ಫಲವಾಗಿ 1840ರ ಮೇ ತಿಂಗಳಲ್ಲಿ ‘ಪೆನ್ನಿ ಬ್ಲ್ಯಾಕ್’ ಎಂಬ ಲೋಕದ ಮೊದಲ ಅಂಟುಚೀಟಿ ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ 1852ರಲ್ಲಿ ಸಿಂಧ್ ಪ್ರಾಂತದ ಚೀಟಿಯೂ, 1854ರಲ್ಲಿ ದೇಶಕ್ಕೆಲ್ಲ ಸಲ್ಲುವ ಚೀಟಿಗಳೂ ಹೊರಬಂದುವು. ಸ್ವತಂತ್ರ ಭಾರತದ ಮೊದಲ ಚೀಟಿ ಹೊರಟದ್ದು 1947ರ ನವೆಂಬರ್ 21ರಂದು. ಮೂರೂವರೆ ಆಣೆಯ ಆ ಚೀಟಿಯ ಮೇಲೆ ರಾಷ್ಟ್ರಧ್ವಜವೂ ‘ಜೈ ಹಿಂದ್’ ಎಂಬ ಘೋಷವೂ ಇದ್ದುವು. ಮರುವರ್ಷದ ಆಗಸ್ಟ್ 15ರಂದು ಗಾಂಧೀಜಿಯವರ ಸ್ಮರಣೆಯ ನಾಲ್ಕು ಚೀಟಿಗಳು ಬಂದುವು.

ಚೀಟಿಗಳಲ್ಲಿ ಎರಡು ಬಗೆ. ನಿತ್ಯದ ಬಳಕೆಗಾಗಿ ಮತ್ತೆ ಮತ್ತೆ ಮುದ್ರಿಸುವುದು ಒಂದು ಬಗೆ. ಒಬ್ಬ ವ್ಯಕ್ತಿಯ ಅಥವಾ ಒಂದು ಸಂದರ್ಭದ ನೆನಪಿಗಾಗಿ ಗೊತ್ತಾದ ದಿನ, ಮಿತವಾದ ಸಂಖ್ಯೆಯಲ್ಲಿ ಹೊರಡಿಸುವುದು ಮತ್ತೊಂದು. ಇದೇ ಸ್ಮಾರಕ ಚೀಟಿ. ಬಿಡುಗಡೆಯ ದಿನ ವಿಶೇಷ ಮುದ್ರೆಯೊತ್ತಿದ ಪ್ರಥಮ ದಿನದ ಲಕೋಟೆಯೂ, ವಿಷಯವನ್ನು ಪರಿಚಯಿಸುವ ಮಾಹಿತಿ ಪತ್ರವೂ ಅದರೊಡನೆ ಬರುತ್ತವೆ. ಕಾಗದ ಬರೆಯುವ ರೂಢಿ ಕ್ಷೀಣಿಸಿರುವ ಈ ದಿನಗಳಲ್ಲಿ ಮೊದಲನೆಯ ಬಗೆಯ ಅಗತ್ಯ ಕುಗ್ಗಿರಬಹುದು. ಎರಡನೆಯದರ ಬೆಲೆ ಕುಗ್ಗಿಲ್ಲ. ಹೊರೆ ಹೊರುವ ಕೆಲಸ ಕಡಮೆಯಾದಷ್ಟೂ ನೆನಪನ್ನು ಹೊರುವ ಕೆಲಸ ಅದಕ್ಕೆ ಹೆಚ್ಚಾಗಿದೆ.

ಕನ್ನಡನಾಡಿನ ಪಾಲು

1949ರ ಆಗಸ್ಟ್ 15ರಂದು ಹೊರಟ ಪ್ರಾಚೀನ ಶಿಲ್ಪಗಳ ಮಾಲಿಕೆಯಲ್ಲಿ ವಿಜಾಪುರದ ಗೋಲಗುಮ್ಮಟವು ಆರಾಣೆಯ ಚೀಟಿಯನ್ನು ಅಲಂಕರಿಸಿತು. ಅಂದಿಗೆ ವಿಜಾಪುರ ಮುಂಬಯಿ ಪ್ರಾಂತದಲ್ಲಿತ್ತೆಂಬುದನ್ನು ನೆನೆಯಬೇಕು. 1952ರ ಅಕ್ಟೋಬರ್ 1ರಂದು ಸಂತರ ಮತ್ತು ಕವಿಗಳ ಮಾಲಿಕೆ ಬಂದಾಗ ಕಬೀರ, ತುಲಸೀದಾಸ, ಮೀರಾ, ಸೂರದಾಸ, ಗಾಲಿಬ್, ರವೀಂದ್ರನಾಥ ಠಾಕೂರರೆಂಬ ಆರು ಮಂದಿಗೆ ಗೌರವ ಸಂದಿತು. ಆರೂ ಮಂದಿ ವಂದ್ಯರೇ. ಆದರೆ ದಕ್ಷಿಣದ ಒಬ್ಬ ಕವಿಯಾಗಲಿ ಸಂತನಾಗಲಿ ಅವರ ನಡುವೆ ಇರಲಿಲ್ಲ. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಕೇಳುವವರಿಲ್ಲದ ಕಡೆ ಕೊಡುವವರು ನೆನೆಯುವುದು ವಿರಳವೆಂಬುದಕ್ಕೆ ಉದಾಹರಣೆಯಾಗಿ ಹೇಳಿದೆ, ಅಷ್ಟೆ.

ಆ ಮೇಲೆ ಸ್ಥಿತಿ ಸುಧಾರಿಸಿತು. 1960ರ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಶತಾಬ್ದಿಯ ಚೀಟಿ ಹೊರಬಂದಿತು. ಬದುಕಿರುವವರ ಚಿತ್ರವನ್ನು ಸಾಮಾನ್ಯವಾಗಿ ಚೀಟಿಯಲ್ಲಿ ಅಚ್ಚು ಮಾಡುವುದಿಲ್ಲ. 1958ರಲ್ಲಿ ಧೊಂಡೊ ಕೇಶವ ಕರ್ವೆಯವರಿಗೆ ಈ ನಿಯಮ ಸಡಿಲವಾಗಿತ್ತು. ಎರಡು ವರ್ಷಗಳ ತರುವಾಯ ವಿಶ್ವೇಶ್ವರಯ್ಯನವರೂ ಜೀವಿತರಾಗಿರುವಾಗಲೇ ಆ ಮಾನಕ್ಕೆ ಪಾತ್ರರಾದರು. 1964ರ ಜನವರಿ 14ರಂದು ಪುರಂದರದಾಸರ ನಾನೂರನೆಯ ಪುಣ್ಯವರ್ಷದ ನೆನಪಿಗೆ, 1967ರ ಮೇ 11ರಂದು ಬಸವೇಶ್ವರರು ಲಿಂಗೈಕ್ಯರಾದ ಎಂಟುನೂರನೆಯ ವರ್ಷದ ನೆನಪಿಗೆ ಹದಿನೈದು ಹದಿನೈದು ಪೈಸೆಯ ಚೀಟಿಗಳು ಬಂದುವು. 1977ರಲ್ಲಿ ಕಿತ್ತೂರ ರಾಣಿ ಚೆನ್ನಮ್ಮ, 1981ರಲ್ಲಿ ಶ್ರವಣಬೆಳಗೊಳದ ಗೊಮ್ಮಟೇಶ್ವರ, 1988ರಲ್ಲಿ ಡಿ. ವಿ. ಗುಂಡಪ್ಪನವರು, 2009ರಲ್ಲಿ ನಟ ರಾಜಕುಮಾರರು, 2017ರಲ್ಲಿ ಕುವೆಂಪು ಅವರು ಚೀಟಿಗಳಲ್ಲಿ ಕಾಣಿಸಿಕೊಂಡರು. 2006ರಲ್ಲಿ ಹೊರಟ ಶ್ರೀಗಂಧದ ಚೀಟಿಯು ಗಂಧದ ಪರಿಮಳವನ್ನೇ ಹೊತ್ತುಬಂದಿತು; ಪರಿಮಳ ಬೀರುವ ಚೀಟಿ ಭಾರತದಲ್ಲಿ ಅದೇ ಮೊದಲು. 2017ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ನೂರು ರೂಪಾಯಿಯ ಕಾಫಿಯ ಚೀಟಿಗೂ ಕಾಫಿಯ ಸುವಾಸನೆಯಿತ್ತು. ನಾಡಿನ ಕಾಫಿಯ ಕಥೆ ಆರಂಭವಾಗುವುದು ನಮ್ಮ ಜಿಲ್ಲೆಯ ಬಾಬಾಬುಡನ್‌ಗಿರಿಯಿಂದಲೇ ಎಂಬುದನ್ನು ಇಲ್ಲಿ ಬೇರೆ ಹೇಳಬೇಕಾಗಿಲ್ಲ.

ತೇದಿಯ ಮಹತ್ವ

ಈ ಪಟ್ಟಿಯನ್ನು ಸೂಕ್ಷ್ಮವಾಗಿ ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಸೆಪ್ಟೆಂಬರ್ 15 ವಿಶ್ವೇಶ್ವರಯ್ಯನವರ ಜನ್ಮದಿನ. ಪುರಂದರದಾಸರ ಆರಾಧನೆ ನಡೆಯುವುದು ಪುಷ್ಯ ಬಹುಳ ಅಮಾವಾಸ್ಯೆಯಂದು. 1964ರ ಜನವರಿ 14 ಅಮಾವಾಸ್ಯೆಯೇ ಆಗಿತ್ತು. ಚೆನ್ನಮ್ಮನ ಚೀಟಿ ಹೊರಟದ್ದು ಅಕ್ಟೋಬರ್ 23ರಂದು; 1824ರ ಅದೇ ದಿನ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಮಡಿದನು. ಗೊಮ್ಮಟನ ಚೀಟಿ ಬಂದುದು ಮೂರ್ತಿಯ ಸಹಸ್ರಮಾನದ ಮಹಾಮಸ್ತಕಾಭಿಷೇಕ ನಡೆದ ತಿಂಗಳಿನಲ್ಲಿ. ರಾಜಕುಮಾರರ ಚೀಟಿ ಬಂದುದು ನವೆಂಬರ್ 1ರ ರಾಜ್ಯೋತ್ಸವದಂದು.

ಇದರಿಂದ ತಿಳಿಯುವುದೇನು? ಕೀರ್ತಿಯೊಂದೇ ಸಾಲದು, ಕೀರ್ತಿಗೆ ತೇದಿಯೂ ಬೇಕು. ತೇದಿಗೆ ಪ್ರಮಾಣವೂ ಬೇಕು. ಚೀಟಿಗಳ ವಿಷಯಗಳನ್ನು ಪರಿಶೀಲಿಸಿ ಸರಕಾರಕ್ಕೆ ಸಲಹೆ ಕೊಡಲು ಅಂಚೆಚೀಟಿ ಸಲಹಾ ಸಮಿತಿಯೊಂದಿದೆ. ಸಲಹೆಗಳನ್ನು ಸಾರ್ವಜನಿಕರೂ ಸಂಸ್ಥೆಗಳೂ ಕಳುಹಿಸಬಹುದು. ಶತಮಾನೋತ್ಸವ ಮುಂತಾದ ಸಂದರ್ಭ ಯಾವಾಗ ಬೀಳುತ್ತದೆ, ಅದಕ್ಕೆ ಆಧಾರವೇನು, ನಾಡಿಗೆಲ್ಲ ಅದರ ಮಹತ್ವವೇನು ಎಂಬುದನ್ನು ಮುಂಚಿತವಾಗಿ, ವಿವರವಾಗಿ ಬರೆದು ತಿಳಿಸಬೇಕು. ಉತ್ಸವದ ಮಂಟಪ ಕಟ್ಟುವಾಗ ಬರೆದ ಅರ್ಜಿ ಉತ್ಸವಕ್ಕೆ ಒದಗಲಾರದು. ಹಿರಿಯರನ್ನು ಹೊಗಳುವುದರಲ್ಲಿ ನಾವು ಹಿಂದುಳಿದವರಲ್ಲ. ಅವರು ಹುಟ್ಟಿದ ವರ್ಷವನ್ನು ಬರೆದಿಡುವುದರಲ್ಲಿ ಮಾತ್ರ ಹಿಂದುಳಿದಿದ್ದೇವೆ.

ನಮ್ಮ ಸೀಮೆಯ ಸಂಪತ್ತು

ಹಾಗಾದರೆ ಕಡೂರು, ತರೀಕೆರೆ, ಅಜ್ಜಂಪುರಗಳ ನಡುವಣ ಈ ಸೀಮೆಯಿಂದ ಏನನ್ನು ಮುಂದಿಡಬಹುದು? ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ಅಮೃತಮಹಲ್ ರಾಸು. ಅಂಚೆಯನ್ನು ಸ್ಥಾಪಿಸಿದ ಚಿಕ್ಕದೇವರಾಜ ಒಡೆಯರೇ ಅರಮನೆಯ ತುರುಗಳ ಪಾಲನೆಗೆ ‘ಬೆಣ್ಣೆ ಚಾವಡಿ’ಯೆಂಬ ಇಲಾಖೆಯನ್ನು ಏರ್ಪಡಿಸಿದರು. ಹೈದರನ ಕಾಲದಲ್ಲಿ ಈ ಎತ್ತುಗಳು ತೋಪುಗಳನ್ನೆಳೆದು ದಂಡಿನ ವೇಗವನ್ನು ಹೆಚ್ಚಿಸಿದುವು. ಟಿಪ್ಪು ಆ ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟನು. 1799ರ ಅನಂತರ ಇಂಗ್ಲಿಷರು ಸಹ ಈ ತಳಿಯನ್ನು ತಮ್ಮ ಸೈನ್ಯಕ್ಕಾಗಿ ಕಾಪಾಡಿಕೊಂಡರು. ರಾಸುಗಳ ಮೇವಿಗೆಂದು ಮೀಸಲಿಟ್ಟ ಕಾವಲುಗಳು ನಮ್ಮ ಸುತ್ತಲೂ ಇವೆ; ಬೀರೂರಿನ ಕಾವಲೂ ಆ ಪರಂಪರೆಗೆ ಸೇರಿದುದೇ. ತಳಿಯ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿದೆ. 2000ದಲ್ಲಿ ಅಂಚೆ ಇಲಾಖೆ ದೇಶೀಯ ಗೋತಳಿಗಳ ನಾಲ್ಕು ಚೀಟಿಗಳನ್ನು ಹೊರಡಿಸಿತು. ಗಿರ್, ಕಾಂಗೇಯಂ, ಕಾಂಕ್ರೇಜ್‌ಗಳೊಡನೆ ನಮ್ಮ ಹಳ್ಳಿಕಾರ್ ತಳಿಗೂ ಅಲ್ಲಿ ಸ್ಥಾನ ದೊರೆಯಿತು. ಹಳ್ಳಿಕಾರಿಗೆ ನಿಕಟ ಬಂಧುವಾದ ಅಮೃತಮಹಲ್ ಆ ನಾಲ್ಕರಲ್ಲಿ ಸೇರಲಿಲ್ಲ. ಮೂರು ಶತಮಾನಗಳ ಲಿಖಿತ ಇತಿಹಾಸವುಳ್ಳ ಗೋತಳಿಗಳು ಲೋಕದಲ್ಲಿ ಎಷ್ಟಿವೆ? ಕಾವಲುಗಳೂ ರಾಸುಗಳೂ ಕ್ಷೀಣಿಸುತ್ತಿರುವ ಈ ಕಾಲದಲ್ಲಿ ಅಂಥದೊಂದು ಚೀಟಿ ಬಂದರೆ ಅದು ಕೇವಲ ಗೌರವವಾಗದು, ಎಚ್ಚರಿಕೆಯೂ ಆದೀತು.

ಎರಡನೆಯದು ತರೀಕೆರೆಯ ಬಳಿಯ ಅಮೃತಾಪುರದ ಅಮೃತೇಶ್ವರ ದೇವಾಲಯ. ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಇದನ್ನು ಕಟ್ಟಿಸಿದನು. ಅಲ್ಲಿಯ ಶಿಲಾಶಾಸನದ ಪದ್ಯಗಳನ್ನು ರಚಿಸಿದವನು ‘ಯಶೋಧರ ಚರಿತೆ’ಯ ಕರ್ತೃವಾದ ಜನ್ನ ಮಹಾಕವಿ. ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಕಥೆಗಳು ಕಲ್ಲಿನಲ್ಲಿ ಮೂಡಿವೆ. 2023ರಲ್ಲಿ ಬೇಲೂರು, ಹಳೆಯಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳ ಪ್ರಭೆಯಲ್ಲಿ ಅಮೃತಾಪುರ ಮರೆಯಾಗಬಾರದು. ಇಲ್ಲಿ ತೇದಿಯೂ ಇದೆ, ಶಾಸನದ ಪ್ರಮಾಣವೂ ಇದೆ, ಕವಿಯ ಹೆಸರೂ ಇದೆ. 2046ಕ್ಕೆ ಎಂಟುನೂರೈವತ್ತು ವರ್ಷ ತುಂಬುತ್ತದೆಂಬ ಲೆಕ್ಕವೂ ಇದೆ. ಇಂದು ನಮ್ಮ ಶಾಲೆಗಳಲ್ಲಿ ಅಕ್ಷರ ತಿದ್ದುತ್ತಿರುವ ಮಕ್ಕಳು ಅಂದಿಗೆ ಸಂಸಾರವಂತರಾಗಿರುತ್ತಾರೆ. ಆ ಅರ್ಜಿಯನ್ನು ಬರೆಯಬೇಕಾದವರು ಅವರೇ.

ಶಾಲೆಯ ಕರ್ತವ್ಯ

ರಾಷ್ಟ್ರೀಯ ಚೀಟಿ ದೊರೆಯುವುದು ಸುಲಭವಲ್ಲ. ಸ್ಪರ್ಧೆಯಲ್ಲಿರುವುದು ಇಡೀ ದೇಶ. ಆದರೆ ಅದೊಂದೇ ದಾರಿಯಲ್ಲ. ಅಂಚೆ ವೃತ್ತಗಳು ಸ್ಥಳೀಯ ಮಹತ್ವದ ಸಂದರ್ಭಗಳಿಗೆ ಚಿತ್ರಮುದ್ರೆಯೊಡನೆ ವಿಶೇಷ ಲಕೋಟೆಗಳನ್ನು ಹೊರಡಿಸುತ್ತವೆ. ಚಿಕ್ಕ ಊರುಗಳಿಗೆ ನಿಲುಕುವ ಮೊದಲ ಮೆಟ್ಟಿಲು ಅದು. 2011ರಲ್ಲಿ ಆರಂಭವಾದ ‘ಮೈ ಸ್ಟ್ಯಾಂಪ್’ ಯೋಜನೆಯಲ್ಲಿ ಹಣ ತೆತ್ತು ತಮಗೆ ಬೇಕಾದ ಚಿತ್ರವನ್ನು ಚೀಟಿಯ ಜೊತೆಗೆ ಮುದ್ರಿಸಿಕೊಳ್ಳಬಹುದು. ಆದರೆ ನಾಡು ತಾನಾಗಿ ಆರಿಸಿ ಸಲ್ಲಿಸಿದ ಗೌರವಕ್ಕೂ ನಾವು ಕೊಂಡುಕೊಂಡ ಸಂತೋಷಕ್ಕೂ ಅಂತರವುಂಟೆಂಬುದನ್ನು ದಾನಿಗಳು ಮರೆಯಲಾಗದು.

ವಿದ್ಯಾರ್ಥಿಗಳಿಗೂ ಇಲ್ಲಿ ಅವಕಾಶವುಂಟು. ಆರರಿಂದ ಒಂಬತ್ತನೆಯ ತರಗತಿಯವರಿಗಾಗಿ 2017ರಲ್ಲಿ ಆರಂಭಿಸಿದ ‘ದೀನ್ ದಯಾಳ್ ಸ್ಪರ್ಶ್’ ಯೋಜನೆಯು ಚೀಟಿ ಸಂಗ್ರಹದಲ್ಲಿ ಆಸಕ್ತರಾದ ಮಕ್ಕಳಿಗೆ ವರ್ಷಕ್ಕೆ 6000 ರೂಪಾಯಿಯ ವಿದ್ಯಾರ್ಥಿವೇತನವನ್ನು ಗೊತ್ತುಮಾಡಿತು. ಶಾಲೆಯಲ್ಲಿ ಅಂಚೆಚೀಟಿ ಸಂಘವೊಂದಿದ್ದರೆ ಇಂಥ ಯೋಜನೆಗಳಿಗೆ ಮಕ್ಕಳನ್ನು ಅಣಿಗೊಳಿಸುವುದು ಸುಲಭ. ಒಂದು ಚೀಟಿಯನ್ನು ಮುಂದಿಟ್ಟುಕೊಂಡು ಇತಿಹಾಸ, ಭೂಗೋಳ, ಭಾಷೆಗಳನ್ನು ಒಟ್ಟಿಗೆ ಬೋಧಿಸಬಹುದು. ವಿಶ್ವೇಶ್ವರಯ್ಯನವರ ಚೀಟಿಯನ್ನು ತೋರಿಸಿ, ಬೀರೂರಿನಿಂದ ಹೊರಟ ರೈಲು ಹಾದುಹೋಗುವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಥೆಯನ್ನು ಹೇಳಿದರೆ ಆ ಪಾಠವನ್ನು ಯಾವ ಹುಡುಗನೂ ಮರೆಯಲಾರ.

ಎಲ್ಲಕ್ಕಿಂತ ಮಿಗಿಲಾಗಿ ಮಾಡಬೇಕಾದುದು ಮತ್ತೊಂದಿದೆ. ಪ್ರತಿಯೊಂದು ತರಗತಿಯೂ ವರ್ಷಕ್ಕೊಂದು ವಿಷಯವನ್ನು ಕೈಗೊಂಡು, ಊರಿನ ಒಂದು ಕೆರೆಯೋ, ಶಾಸನವೋ, ಕಾವಲೋ, ಜಾತ್ರೆಯೋ, ಅದರ ಹುಟ್ಟಿನ ತೇದಿ, ಆಧಾರ, ಚಿತ್ರಗಳೊಡನೆ ಒಂದು ಕಡತವನ್ನು ಸಿದ್ಧಪಡಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿರುವ ಹಳೆಯ ಪತ್ರ, ಲಕೋಟೆ, ದಾಖಲೆಗಳ ಪ್ರತಿಗಳನ್ನು ಒದಗಿಸಲಿ. ದಾನಿಗಳು ಅವನ್ನು ಕಾಪಾಡಲು ಒಂದು ಕಪಾಟನ್ನು ಕೊಡಲಿ. ಹತ್ತು ವರ್ಷಗಳಲ್ಲಿ ಹತ್ತಾರು ಕಡತಗಳಾಗುತ್ತವೆ. ಅವುಗಳಲ್ಲಿ ಒಂದೇ ಒಂದು ಚೀಟಿಯಾಗಿ ದೇಶವನ್ನು ಸುತ್ತಿದರೂ ಶ್ರಮ ಸಾರ್ಥಕ. ಒಂದೂ ಆಗದಿದ್ದರೂ ನಷ್ಟವಿಲ್ಲ. ಆ ಕಡತಗಳೇ ನಮ್ಮ ಸೀಮೆಯ ಶಾಸನಗಳಾಗಿ ಮುಂದಿನವರಿಗೆ ಉಳಿಯುತ್ತವೆ. ಅಂಥ ಕಾರ್ಯಕ್ಕೆ ಈ ವಿದ್ಯಾಸಂಸ್ಥೆ ಮೊದಲಿಗನಾಗಲೆಂದು ಹಾರೈಸುತ್ತೇನೆ.