ಇನ್ನೂರು ರೂಪಾಯಿಯ ಇಯರ್‌ಫೋನಿಗೆ ಕಿವಿ ಕೊಟ್ಟು

ಗುಂಜಹಳ್ಳಿಯ ನನ್ನ ಮೊಬೈಲ್ ಅಂಗಡಿಯಲ್ಲಿ ಲಾಭ ಬರುವುದು ರಿಪೇರಿಯಿಂದ, ಮಾತು ಬೆಳೆಯುವುದು ಇಯರ್‌ಫೋನಿನಿಂದ. ನೂರೈವತ್ತಕ್ಕೆ ಒಂದು, ನಾಲ್ಕುನೂರಕ್ಕೆ ಒಂದು, ಸಾವಿರ ದಾಟಿದ್ದು ಒಂದೆರಡು ಗಾಜಿನ ಹಿಂದೆ. ಬಂದವರೆಲ್ಲ ಕೇಳುವುದು ಒಂದೇ: "ಅಣ್ಣಾ, ಇದ್ರಾಗ ಸೌಂಡ್ ಯಾವ್ದು ಚಲೋ ಐತಿ?" ಬಹಳ ವರ್ಷ ನಾನು ಯೋಚಿಸದೇ ಉತ್ತರ ಕೊಟ್ಟೆ. ಹೊಸದಾಗಿ ಅಂಗಡಿ ಇಡುವವರಿಗೂ, ಕಡಿಮೆ ದುಡ್ಡಿನಲ್ಲಿ ಒಳ್ಳೆಯದನ್ನು ಹುಡುಕುವವರಿಗೂ ಆ ಉತ್ತರಗಳು ಎಲ್ಲೆಲ್ಲಿ ತಪ್ಪಿದವು ಎಂಬುದು ಉಪಯೋಗವಾದೀತು.

1. ಜೋರಿದ್ದದ್ದೇ ಚಲೋ ಎಂದು ಕಿವಿ ನಂಬಿಬಿಡುತ್ತದೆ

ಒಂದನ್ನು ಚುಚ್ಚಿ ಕೇಳು, ಕಿತ್ತು ಇನ್ನೊಂದನ್ನು ಚುಚ್ಚಿ ಕೇಳು. ಹೋಲಿಸುವುದೆಂದರೆ ಇಷ್ಟೇ ಅಂದುಕೊಂಡಿದ್ದೆ. ವಾಲ್ಯೂಮು ಇದ್ದಲ್ಲೇ ಇರುತ್ತಿತ್ತು, ಪ್ರತಿ ಸಲವೂ ಗೆಲ್ಲುತ್ತಿದ್ದದ್ದು ಜೋರಾಗಿ ಒದರುವ ಮಾಲು. ಮೊಬೈಲಿನ ವಾಲ್ಯೂಮು ಒಂದೇ ಇದ್ದರೂ ಎರಡು ಇಯರ್‌ಫೋನು ಒಂದೇ ಜೋರಿನಲ್ಲಿ ನುಡಿಯುವುದಿಲ್ಲ. ಒಂದು 16 ಓಮ್ ಇರುತ್ತದೆ, ಇನ್ನೊಂದು 32. ಸೆನ್ಸಿಟಿವಿಟಿಯೂ ಬೇರೆ. ಇದರ ಮೇಲೆ ಕಿವಿಯ ಸ್ವಭಾವ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು: ಶಬ್ದ ಸಣ್ಣದಿದ್ದಾಗ ಬೇಸು ಕಿವಿಗೆ ಬಹಳ ಕಡಿಮೆ ಹತ್ತುತ್ತದೆ, ಜೋರಾದಂತೆ ತುಂಬಿಕೊಳ್ಳುತ್ತದೆ. ಹಾಗಾಗಿ ಬರೀ ಜೋರಿರುವುದು 'ತುಂಬಿದ ಸೌಂಡ್' ಅನ್ನಿಸುತ್ತದೆ.

ಈಗ 1,000 ಹರ್ಟ್ಸ್‌ನ ಒಂದು ಸ್ವರ ನುಡಿಸಿ, ದಪ್ಪ ಕಾಗದ ಸುತ್ತಿದ ಸಣ್ಣ ಕೊಳವೆಯ ಒಂದು ಬಾಯಿಗೆ ಇಯರ್‌ಫೋನು, ಇನ್ನೊಂದು ಬಾಯಿಗೆ ಬೇರೆ ಮೊಬೈಲಿನ ಮೈಕು ಒತ್ತಿ ಹಿಡಿಯುತ್ತೇನೆ. ಡೆಸಿಬಲ್ ಆ್ಯಪಿನ ಅಂಕಿ ನಿಜವೇನಲ್ಲ. ಆದರೂ ಎರಡಕ್ಕೂ ಅದೇ ಅಂಕಿ ಬರುವಂತೆ ಮಾಡಲು ಅಷ್ಟು ಸಾಕು. ಮೊಬೈಲಿನ ವಾಲ್ಯೂಮು ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ ಎಷ್ಟೋ ಸಲ ಸರಿಯಾಗಿ ಹೊಂದುವುದಿಲ್ಲ. ಆಗ ನನಗೆ ಇಷ್ಟವಾದದ್ದನ್ನೇ ಒಂದು ಮೆಟ್ಟಿಲು ಕೆಳಗಿಟ್ಟು ಕೇಳುತ್ತೇನೆ. ಆಗಲೂ ಅದೇ ಇಷ್ಟವಾದರೆ ಸರಿ.

2. ರಬ್ಬರ್ ಕೂರದೆ ಬೇಸಿನ ಮಾತು ಬೇಡ

ರಾಯಚೂರಿನಿಂದ ತಂದ ಒಂದು ಬಾಕ್ಸ್ ಮಾಲನ್ನು 'ಇದರಲ್ಲಿ ಬೇಸೇ ಇಲ್ಲ' ಎಂದು ತೀರ್ಮಾನಿಸಿ ಅರ್ಧ ಬೆಲೆಗೆ ಬಿಟ್ಟುಕೊಟ್ಟೆ. ಕೊಂಡವರಲ್ಲಿ ಒಬ್ಬ ಟ್ರ್ಯಾಕ್ಟರ್ ಓಡಿಸುವ ಹುಡುಗ. ಮುಂದಿನ ವಾರ ಬಂದು, "ಅಣ್ಣಾ, ಅಂಥಾದ್ದ ಇನ್ನೆರಡು ಕೊಡ್ರಿ, ನಮ್ಮ ಹುಡುಗ್ರು ಕೇಳ್ಯಾರ. ಬೇಸ್ ಭಾರಿ ಐತಿ" ಎಂದ. ಸುಳ್ಳು ಹೊಗಳಿಕೆಗೆ ಅವನಿಗೇನು ಕಾರಣ? ಅವನ ಇಯರ್‌ಫೋನು ಇಸಿದುಕೊಂಡು ನೋಡಿದರೆ, ಪ್ಯಾಕಿನೊಳಗಿದ್ದ ದೊಡ್ಡ ಸೈಜಿನ ರಬ್ಬರ್ ಹಾಕಿಕೊಂಡಿದ್ದ. ನಾನು ಪ್ಯಾಕಿನಿಂದ ಬಂದ ಮಧ್ಯದ ಸೈಜಿನಲ್ಲೇ ಕೇಳಿ ತೀರ್ಪು ಕೊಟ್ಟಿದ್ದೆ. ಉಳಿದದ್ದನ್ನು ಪೂರ್ತಿ ಬೆಲೆಗೆ ಮಾರೋಣವೆಂದರೆ ಉಳಿದದ್ದೇ ಇರಲಿಲ್ಲ.

ಕಿವಿಯೊಳಗೆ ಕೂರುವ ಇಯರ್‌ಫೋನು ಬೇಸು ಕೊಡುವುದು ಕಿವಿಯ ನಾಳ ಪೂರಾ ಮುಚ್ಚಿದಾಗ ಮಾತ್ರ. ಕೂದಲೆಳೆಯಷ್ಟು ಸಂದು ಇದ್ದರೂ ಪಂಕ್ಚರ್ ಆದ ಟ್ಯೂಬಿನ ಗಾಳಿಯಂತೆ ಬೇಸೇ ಮೊದಲು ಸೋರಿಹೋಗುತ್ತದೆ, ಉಳಿಯುವುದು ಕೀರಲು. ಒಬ್ಬನದೇ ಎರಡು ಕಿವಿಯ ಸೈಜೂ ಒಂದೇ ಇರಬೇಕೆಂದಿಲ್ಲ. ನನಗೆ ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯದ್ದು. ಎಷ್ಟು ಒಳಗೆ ಹೋಗಿದೆ ಎನ್ನುವುದರ ಮೇಲೆ ತೀಕ್ಷ್ಣ ಶಬ್ದದ ಏರಿಳಿತವೂ ಜಾಗ ಬದಲಿಸುತ್ತದೆ, ಆದ್ದರಿಂದ ಎರಡನ್ನು ಹೋಲಿಸುವಾಗ ಎರಡೂ ಒಂದೇ ಆಳಕ್ಕೆ ಕೂರಬೇಕು.

ಗಿರಾಕಿಗೆ ಹೇಳಿಕೊಡುವುದು ಸುಲಭ. ಒಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಹಿಡಿ, ಇನ್ನೊಂದು ಕೈಯಿಂದ ಒಳಗೆ ತಳ್ಳು. ಬಾಯಿ ಮುಚ್ಚಿ 'ಹ್ಞೂಂ' ಅನ್ನು. ದನಿ ತಲೆಯೊಳಗೇ ಗುಂಯ್‌ಗುಟ್ಟಿದರೆ ಕೂತಿದೆ. (ನೂರು ಕಿವಿಗೆ ಹೋಗುವ ಸ್ಯಾಂಪಲ್ ಪೀಸಿನ ರಬ್ಬರನ್ನು ಪ್ರತಿ ಸಲ ಸ್ಪಿರಿಟ್‌ನಲ್ಲಿ ಒರೆಸುವುದನ್ನು ಬೇರೆ ಹೇಳಬೇಕಿಲ್ಲ.)

3. ಕಣ್ಣು ಮುಚ್ಚಿದರೆ ಜಾಣತನ ಅರ್ಧಕ್ಕಿಳಿಯುತ್ತದೆ

ಅಕ್ಕನ ಮಗ ಡಿಪ್ಲೊಮಾ ಓದುವವನು. "ಮಾಮಾ, ಹೆಸರು ನೋಡದೆ ಹೇಳು ನೋಡೋಣ" ಎಂದು ನನ್ನ ಕಣ್ಣಿಗೆ ಟವೆಲ್ಲು ಕಟ್ಟಿದ. ಮೊದಲನೆಯದು ಮಂಕು, ಎರಡನೆಯದರಲ್ಲಿ ದನಿ ಬಿಚ್ಚಿಕೊಂಡಿದೆ, ತಬಲಾ ಬೇರೆ ಹಾರ್ಮೋನಿಯಂ ಬೇರೆ ಕೇಳುತ್ತದೆ ಎಂದೆಲ್ಲ ಹೇಳಿದೆ. ಟವೆಲ್ಲು ಬಿಚ್ಚಿದಾಗ ಅವನ ಕೈಯಲ್ಲಿ ಇದ್ದದ್ದು ಒಂದೇ ಇಯರ್‌ಫೋನು. ಎರಡೂ ಸಲ ಅದನ್ನೇ ಹಾಕಿದ್ದ.

ಅಂದಿನಿಂದ 'ಇದು ಅದಕ್ಕಿಂತ ಹತ್ತು ಪಟ್ಟು ಚಲೋ' ಎನ್ನುವುದನ್ನು ಬಿಟ್ಟಿದ್ದೇನೆ. ಶಬ್ದದ ಸೂಕ್ಷ್ಮ ನೆನಪು ಕೆಲವೇ ಸೆಕೆಂಡು ನಿಲ್ಲುತ್ತದೆ. ಇಯರ್‌ಫೋನು ಕಿತ್ತು, ರಬ್ಬರ್ ಕೂಡಿಸಿ, ಹಾಡು ಹಚ್ಚುವಷ್ಟರಲ್ಲಿ ಅದು ಮಾಸಿರುತ್ತದೆ. ಪೂರ್ತಿ ಹಾಡು ಕೇಳುತ್ತ ಕೂರುವ ಬದಲು ಹತ್ತು ಸೆಕೆಂಡಿನ ಒಂದೇ ತುಣುಕನ್ನು ಮತ್ತೆ ಮತ್ತೆ ಕೇಳಿದರೆ ಸ್ವಲ್ಪ ನ್ಯಾಯ ಸಿಗುತ್ತದೆ. ಕೈಗೆ ವೈರಿನ ದಪ್ಪ ಸಿಕ್ಕರೂ ಗುಟ್ಟು ರಟ್ಟಾಗುತ್ತದೆ, ಅದಕ್ಕೆ ಹಾಕುವ ಕೆಲಸವನ್ನೂ ಅವನಿಗೇ ಬಿಟ್ಟಿದ್ದೇನೆ.

4. ಡಿಜೆ ಹಾಡಿನಲ್ಲಿ ಎಲ್ಲ ಇಯರ್‌ಫೋನೂ ಪಾಸು

ಮೊದಲು ಪರೀಕ್ಷೆಗೆ ಡಿಜೆ ರೀಮಿಕ್ಸ್ ಹಚ್ಚುತ್ತಿದ್ದೆ. ಅದರಲ್ಲಿ ಬೇಸು ಢಂ ಢಂ ಅಂದರೆ ಎಲ್ಲವೂ ಪಾಸಾದಂತೆ. ಈಗ ತಬಲಾ ಹಚ್ಚುತ್ತೇನೆ. ಡಗ್ಗಾದ ಮೇಲೆ ಅಂಗೈ ಒತ್ತಿ ಸರಿಸಿದಾಗ ನಾದ ಮೇಲೆ ಕೆಳಗೆ ಜಾರುತ್ತದಲ್ಲ, ಆ ಜಾರು ಕೇಳಬೇಕು. ಬೇಸನ್ನು ಬರೀ ಉಬ್ಬಿಸಿಟ್ಟ ಇಯರ್‌ಫೋನಿನಲ್ಲಿ ಜಾರು ಮಾಯವಾಗಿ ಎಲ್ಲ ಪೆಟ್ಟೂ ಒಂದೇ 'ಧುಂ' ಆಗುತ್ತದೆ. ತಂಬೂರಿಯ ಜವಾರಿ ಎಳೆಎಳೆಯಾಗಿ ಬರುತ್ತದೋ, ಬರೀ ಸುಂಯ್ ಅನ್ನುತ್ತದೋ ನೋಡುತ್ತೇನೆ. ಹಾಡಿನಲ್ಲಿ 'ಸ', 'ಶ' ಬಂದಾಗಲೆಲ್ಲ ಸೂಜಿ ಚುಚ್ಚಿದಂತಾದರೆ 5,000ರಿಂದ 8,000 ಹರ್ಟ್ಸ್ ನಡುವೆ ಎಲ್ಲೋ ಎತ್ತಿಟ್ಟಿದ್ದಾರೆ ಎಂದರ್ಥ. ಅಂಗಡಿಯಲ್ಲಿ ಐದು ನಿಮಿಷ ಅದು 'ಕ್ಲಿಯರ್' ಅನ್ನಿಸುತ್ತದೆ, ಮನೆಯಲ್ಲಿ ಅರ್ಧ ಗಂಟೆಗೆ ತಲೆ ನೋಯಿಸುತ್ತದೆ.

ದನಿಗೆ ನಮ್ಮ ಜಿಲ್ಲೆಯವರೇ ಆದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಹಚ್ಚುತ್ತೇನೆ. ಹಳೆಯ ರೆಕಾರ್ಡಿಂಗು, ಆದ್ದರಿಂದ ಅದರಿಂದ ತೀಕ್ಷ್ಣ ಶಬ್ದದ ತೀರ್ಪು ಕೊಡಬಾರದು. ಗಂಡು ದನಿಯ ಎದೆ ಎಷ್ಟು ಉಳಿದಿದೆ ಎಂಬುದಕ್ಕೆ ಸಾಕು. ವಿಜಯದಾಸರ ಚೀಕಲಪರ್ವಿ ಮಾನ್ವಿ ತಾಲೂಕಿನದು, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ದಾಸರ ಪದ ಕೇಳುವ ಹಿರಿಯರು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಅವರಿಗೆ ಬೇಸಿನ ಇಯರ್‌ಫೋನು ಕೊಟ್ಟರೆ ಪದದ ಅಕ್ಷರವೇ ತಿಳಿಯುವುದಿಲ್ಲ, ವಾಪಸು ತರುತ್ತಾರೆ.

ರಾಯಚೂರು ಆಕಾಶವಾಣಿ ಹಚ್ಚಿ ಹೋಲಿಸುವುದೂ ಬೇಡ. ಎಫ್‌ಎಂನಲ್ಲಿ ಸುಮಾರು 15,000 ಹರ್ಟ್ಸ್‌ನಿಂದ ಮೇಲಿನದು ಬರುವುದೇ ಇಲ್ಲ, ಮೇಲಾಗಿ ಮೊಬೈಲಿಗೆ ಇಯರ್‌ಫೋನಿನ ವೈರೇ ಏರಿಯಲ್. ವೈರು ಮಡಚಿದ್ದಕ್ಕೆ ಬಂದ ಸುಯ್‌ಗುಟ್ಟುವಿಕೆಯನ್ನು ನಾನು ಸ್ಪೀಕರಿನ ದೋಷವೆಂದು ಬರೆದಿಟ್ಟಿದ್ದೇನೆ.

5. ಪೆಟ್ಟಿಗೆಯ ಮೇಲಿನ ಬರಹವನ್ನು ಬಾಯಿಪಾಠ ಮಾಡಬೇಡಿ

ನಾನು ಮಾಡಿದ್ದೆ. '20 ಹರ್ಟ್ಸ್‌ನಿಂದ 20,000 ಹರ್ಟ್ಸ್, 10 ಎಂಎಂ ಡ್ರೈವರ್' ಎಂದು ಗಿರಾಕಿಗಳಿಗೆ ಒಪ್ಪಿಸುತ್ತಿದ್ದೆ. ನೂರೈವತ್ತರದರ ಮೇಲೂ ಅದೇ, ಎರಡು ಸಾವಿರದರ ಮೇಲೂ ಅದೇ. ನಡುವೆ ಎಷ್ಟು ಡೆಸಿಬಲ್ ಏರಿಳಿತ ಎಂದು ಬರೆಯದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

6. ಹಾಡುವವರು ಮಾಯವಾದರೆ ಜಾಕ್ ನೋಡಿ

ಮಾನ್ವಿ ಕಡೆಯ ಒಬ್ಬರು ಇಯರ್‌ಫೋನು ತಂದು, "ಏನ್ರೀ ಇದು, ಮ್ಯೂಸಿಕ್ ಕೇಳ್ತದ, ಹಾಡೋರು ಎಲ್ಲಿ ಹ್ವಾದ್ರು?" ಎಂದರು. ನಿಮ್ಮದು ಕರೋಕೆ ಹಾಡು ಇರಬೇಕೆಂದು ಸಮಜಾಯಿಷಿ ಕೊಟ್ಟು ಕಳಿಸಿದೆ. ಆಮೇಲೆ ನನ್ನ ಸ್ಯಾಂಪಲ್ ಪೀಸಿನಲ್ಲೂ ಹಾಗೇ ಆಯಿತು. 'ದನಿ ಹಿಂದೆ ಸರಿಯುತ್ತದೆ' ಎಂದು ಆ ಮಾಲಿಗೆ ಕಡಿಮೆ ಮಾರ್ಕು ಹಾಕಿದೆ.

ಜಾಕನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಮೂರು ಕಪ್ಪು ಗೆರೆ, ನಾಲ್ಕು ಭಾಗ. ತುದಿ ಎಡಗಿವಿಗೆ, ಅದರ ಪಕ್ಕದ್ದು ಬಲಕ್ಕೆ, ಮೂರನೆಯದು ಎರಡಕ್ಕೂ ಸೇರಿದ ಗ್ರೌಂಡು, ನಾಲ್ಕನೆಯದು ಮೈಕು. ಗ್ರೌಂಡು ಸರಿಯಾಗಿ ಮುಟ್ಟದಿದ್ದರೆ ಎರಡು ಸ್ಪೀಕರೂ ಒಂದರ ಹಿಂದೊಂದು ಜೋಡಿಸಿದಂತಾಗಿ, ಎಡಬಲ ಎರಡರಲ್ಲೂ ಸಮನಾಗಿರುವ ಶಬ್ದ ಒಂದನ್ನೊಂದು ಹೊಡೆದುಹಾಕುತ್ತದೆ. ಹಾಡುವವರ ದನಿಯನ್ನು ಸಾಮಾನ್ಯವಾಗಿ ನಟ್ಟನಡುವೆ, ಎರಡೂ ಕಡೆ ಸಮನಾಗಿ ಇಟ್ಟಿರುತ್ತಾರೆ. ಹಾಗಾಗಿ ಹೋಗುವುದು ಅವರೇ. ಪಕ್ಕವಾದ್ಯ, ಪ್ರತಿಧ್ವನಿ ಉಳಿಯುತ್ತವೆ. ಹಳೆಯ ಕೆಲವು ಸೆಟ್ಟುಗಳಲ್ಲಿ ಮೈಕು, ಗ್ರೌಂಡು ಅದಲುಬದಲು ಇರುತ್ತಿದ್ದವು, ಅಲ್ಲೂ ಇದೇ ಗತಿ. ಅಂಥ ಜೋಡಿಯಲ್ಲಿ ಮೈಕಿನ ಬಟನ್ ಒತ್ತಿ ಹಿಡಿದರೆ ಹಾಡುವವರು ಮರಳಿ ಬರುತ್ತಾರೆ.

ನನ್ನ ಪೀಸಿನಲ್ಲಿ ಇದ್ದದ್ದು ಈ ಅದಲುಬದಲು ಅಲ್ಲ. ಮೊಬೈಲಿನ ತೂತಿನೊಳಗೆ ಜೇಬಿನ ನೂಲು, ಧೂಳು ಒತ್ತೊತ್ತಾಗಿ ತುಂಬಿ ಜಾಕ್ ಪೂರ್ತಿ ಕೆಳಗಿಳಿದಿರಲಿಲ್ಲ. ಮೊಬೈಲ್ ಆಫ್ ಮಾಡಿ ಹಲ್ಲುಕಡ್ಡಿಯಿಂದ ತೆಗೆದ ಮೇಲೆ ಎಲ್ಲ ನೆಟ್ಟಗಾಯಿತು. ಮಾನ್ವಿಯವರಿಗೆ ಫೋನ್ ಮಾಡಿ ಕರೆಸಿಕೊಂಡೆ.

7. ಅಂಗಡಿಯ ಜಾಣ ಬಸ್ಸಿನಲ್ಲಿ ಸೋಲುತ್ತಾನೆ

ಮಧ್ಯಾಹ್ನದ ಖಾಲಿ ಅಂಗಡಿಯಲ್ಲಿ ಚಂದ ನುಡಿದದ್ದು ಬಸ್ಸಿನ ಇಂಜಿನ್ ಸದ್ದಿನಲ್ಲಿ ಬಡವಾಗುತ್ತದೆ, ಬೇಸಂತೂ ಮುಳುಗಿಯೇ ಹೋಗುತ್ತದೆ. ಜನ ವಾಲ್ಯೂಮು ಏರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ತಾಸು, ಅದೂ 80 ಡೆಸಿಬಲ್‌ನಲ್ಲಿ. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಸೌಂಡಿಗಿಂತ ಮೊದಲು ಹೊರಗಿನ ಗದ್ದಲವನ್ನು ಚೆನ್ನಾಗಿ ತಡೆಯುವುದನ್ನು ಆರಿಸಿಕೊಡುತ್ತೇನೆ. ಹೊಲದಲ್ಲಿ, ರಸ್ತೆಯಲ್ಲಿ ಹಾಕುವವರಿಗೆ ಇದೇ ಗುಣ ಅಪಾಯ. ಹಿಂದಿನಿಂದ ಬರುವ ಲಾರಿ ಕೇಳಿಸುವುದಿಲ್ಲ.

8. ಬೆಲೆಯ ಚೀಟಿ ಸೌಂಡಿನ ಚೀಟಿಯಲ್ಲ

ಇದನ್ನು ಒಪ್ಪಿಕೊಳ್ಳಲು ವ್ಯಾಪಾರಿಗೆ ಕಷ್ಟ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನು ಇಯರ್‌ಫೋನುಗಳ ಅಳತೆಗಳನ್ನು ಬೆಲೆಯ ಜೊತೆ ತಾಳೆ ನೋಡಿ 2017ರಲ್ಲಿ ಪ್ರಕಟಿಸಿದರು. ಬೆಲೆಗೂ ನಾದದ ಏರಿಳಿತಕ್ಕೂ ಸಂಬಂಧ ಕಾಣಲಿಲ್ಲ. ಹೆಚ್ಚಿನ ದುಡ್ಡಿಗೆ ಗಟ್ಟಿ ವೈರು, ಬಾಳಿಕೆ, ಒಳ್ಳೆಯ ಮೈಕು ಸಿಗಬಹುದು. ಅದನ್ನೇ ಹೇಳಿ ಮಾರುತ್ತೇನೆ. ನಮ್ಮ ಬೇಸಿಗೆಯ ಬೆವರಿಗೆ ವೈರು ಬಾಳಿದರೆ ಅದೂ ಸಣ್ಣ ಮಾತಲ್ಲ.

9. ಎಲ್ಲರ ಪರವಾಗಿ ನನ್ನ ಕಿವಿ ಕೇಳಲಾರದು

ವಯಸ್ಸಾದಂತೆ ತೀಕ್ಷ್ಣ ಶಬ್ದಗಳು ಒಂದೊಂದಾಗಿ ಕೈಬಿಡುತ್ತವೆ. ಮೊಬೈಲಿನಲ್ಲಿ 14,000 ಹರ್ಟ್ಸ್ ಹಚ್ಚಿದಾಗ ನನಗೆ ಏನೂ ಇಲ್ಲ, ಅಕ್ಕನ ಮಗ ಮುಖ ಕಿವುಚಿಕೊಂಡು "ಬಂದ್ ಮಾಡು ಮಾಮಾ" ಎಂದ. ನಾನು 'ಮೆತ್ತಗಿದೆ' ಎಂದು ಶಿಫಾರಸು ಮಾಡಿದ ಇಯರ್‌ಫೋನುಗಳನ್ನು ಕಾಲೇಜು ಹುಡುಗರು ಏಕೆ ಮರಳಿಸುತ್ತಿದ್ದರು ಎಂಬುದು ಆಗ ತಿಳಿಯಿತು. ಬೇಸು, ದನಿ ನಾನು ನೋಡುತ್ತೇನೆ. ಮೇಲಿನದು ಅವನ ಪಾಲು. ಹೀಗಾಗಿ ಹೊಸ ಮಾಲಿನ ಪರೀಕ್ಷೆ ಈಗ ಅವನ ಕಾಲೇಜಿಗೆ ರಜೆ ಇದ್ದಾಗ ಮಾತ್ರ, ಸಂಬಳವಾಗಿ ಅವನಿಗೆ ಇಷ್ಟವಾದ ಒಂದು ಪೀಸು.