ಸುಟ್ಟರೂ ಹೋಗದ ಸೂಜಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ತೆಂಗಿನ ತೋಟದ ಪಕ್ಕದ ಹಳ್ಳಕ್ಕೆ ಯಾರೋ ರಾತ್ರಿ ಹೊತ್ತು ಡ್ರಿಪ್ ಬಾಟಲಿ, ಸಿರಿಂಜು, ರಕ್ತ ಮೆತ್ತಿದ ಹತ್ತಿ ತಂದು ಸುರಿದು ಬೆಂಕಿ ಹಚ್ಚುತ್ತಾರೆ. ಸುಟ್ಟ ಮೇಲೆ ಇನ್ನೆಂಥ ರೋಗ ಅಂತಾರೆ ಊರಲ್ಲಿ. ನಮ್ಮ ದನ ಮೇಯೋದು ಅಲ್ಲೇ.
– ತೆಂಗು ಬೆಳೆಗಾರ, ಬಾಣಾವರ

ಉತ್ತರ: ಬೆಂಕಿ ತಾಗಿದಷ್ಟು ರೋಗಾಣು ಸಾಯುತ್ತದೆ, ನಿಜ. ಆದರೆ ಬೂದಿಯೊಳಗೆ ಸೂಜಿ ಸೂಜಿಯಾಗಿಯೇ ಇರುತ್ತದೆ, ರಾಶಿಯ ಅಡಿಯ ಹತ್ತಿ ಅರೆಬೆಂದಿರುತ್ತದೆ. ಅದಕ್ಕಿಂತ ನನಗೆ ಚಿಂತೆ ಹೊಗೆಯದು. ಡ್ರಿಪ್ ನಳಿಕೆ, ರಕ್ತದ ಚೀಲಗಳು ಬಹುಪಾಲು ಪಿವಿಸಿ. ಅದರಲ್ಲಿ ಕ್ಲೋರಿನ್ ಇದೆ. ಬಯಲು ಬೆಂಕಿಯಲ್ಲಿ ಅದು ಬೆಂದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುಲ್ಲಿನ ಮೇಲೆ ಕೂತು ಹಸುವಿನ ಹೊಟ್ಟೆ ಸೇರುತ್ತದೆ, ಅಲ್ಲಿಂದ ಹಾಲಿನ ಕೊಬ್ಬಿಗೆ. ಹಾಲು ಎಷ್ಟು ಕಾಯಿಸಿದರೂ ಹೋಗುವಂಥದ್ದಲ್ಲ. ಅದಕ್ಕೇ ಆಸ್ಪತ್ರೆ ಕಸ ಸುಡುವ ಕುಲುಮೆಯ ಎರಡನೇ ಕೋಣೆಯಲ್ಲಿ ಸುಮಾರು 1050 ಡಿಗ್ರಿ ಶಾಖ ಇರಲೇಬೇಕೆಂಬ ನಿಯಮ. ನಿಮ್ಮ ಹಳ್ಳದ ಬೆಂಕಿಗೆ ಆ ತಾಕತ್ತು ಎಲ್ಲಿಯದು?

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಹಾಸಿಗೆಯಿಲ್ಲದ ಪುಟ್ಟ ಕ್ಲಿನಿಕ್ಕಿಗೂ, ಪಶು ಆಸ್ಪತ್ರೆಗೂ ಅನುಮತಿ ಬೇಕು. ಕಸವನ್ನು ಬಣ್ಣದ ಪ್ರಕಾರ ಬೇರ್ಪಡಿಸಿ, ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳದೆ, ಸಾಮೂಹಿಕ ಸಂಸ್ಕರಣಾ ಘಟಕದ ಗಾಡಿಗೆ ಕೊಡಬೇಕು. ರಾಶಿಯನ್ನು ಮುಟ್ಟಬೇಡಿ. ದೂರದಿಂದ ಫೋಟೊ ತೆಗೆದು ಹಾಸನದ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಬರೆಯಿರಿ, ಪಿಡಿಒಗೆ ಒಂದು ಪ್ರತಿ ಕೊಡಿ. ಚೀಲ ಕಂಡರೆ ಅದರ ಬಾರ್‌ಕೋಡ್ ಕಾಣುವಂತೆ ಫೋಟೊ ತೆಗೆಯಿರಿ. ಅದು ಯಾವ ಆಸ್ಪತ್ರೆಯದೆಂದು ಹೇಳಿಬಿಡುತ್ತದೆ. ಆದರೆ ಕದ್ದು ಸುರಿಯುವವರು ಸಾಮಾನ್ಯವಾಗಿ ಚೀಲ ಬಿಚ್ಚಿಯೇ ಸುರಿಯುತ್ತಾರೆ, ಆ ಜಾಣತನ ಅವರಿಗಿದೆ!

ಪ್ರಶ್ನೆ: ಸಾರ್, ನಾನು ಪಂಚಾಯ್ತಿ ಸ್ವಚ್ಛವಾಹಿನಿ ಓಡಿಸ್ತೀನಿ. ಮನೆ ಕಸ ಬೇರೆ ಮಾಡುವಾಗ ಗ್ಲೌಸ್ ದಾಟಿ ಸೂಜಿ ಚುಚ್ಚಿತು. ಮನೇಲಿ ಹೇಳಿಲ್ಲ. ಏನಾದ್ರೂ ಆಗುತ್ತಾ?
– ಅರಸೀಕೆರೆ ತಾಲ್ಲೂಕಿನ ಸೋದರಿ

ಉತ್ತರ: ತಾಯಿ, ಈ ಪತ್ರಿಕೆ ಕೈಗೆ ಬರುವವರೆಗೂ ಕಾದಿದ್ದರೆ ಇನ್ನು ಕಾಯಬೇಡಿ. ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿ. ಚುಚ್ಚಿದ ಕೂಡಲೇ ಮಾಡಬೇಕಾದ್ದು ಇಷ್ಟು: ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯುವುದು. ಹಿಂಡಬಾರದು, ಬಾಯಿಂದ ಚೀಪಬಾರದು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಎಚ್‌ಐವಿ ರೋಗಿಗೆ ಬಳಸಿದ ಸೂಜಿಯೇ ಚುಚ್ಚಿದರೂ ಸೋಂಕು ತಗಲುವುದು ಸಾವಿರಕ್ಕೆ ಮೂರರಷ್ಟು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಮಾತ್ರ ನೂರಕ್ಕೆ ಮೂವತ್ತರವರೆಗೂ ಹೋಗಬಹುದು. ಅದಕ್ಕೆ ಮೂರು ಡೋಸಿನ ಲಸಿಕೆ ಇದೆ. ನಿಮ್ಮ ಜೊತೆಯವರಿಗೆಲ್ಲ ಹಾಕಿಸಿ ಎಂದು ಪಂಚಾಯ್ತಿಯನ್ನು ಕೇಳಿ. ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಾನು ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವನು. ಸೂಜಿಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕುತ್ತೇನೆ. ಸಾಕಲ್ಲವೇ?
– ನಿವೃತ್ತ ಮೇಷ್ಟ್ರು, ಹಳೇಬೀಡು

ಉತ್ತರ: ಸಾಲದು ಮೇಷ್ಟ್ರೇ, ಮೇಲಿನ ಪತ್ರ ಓದಿ. ಫಿನಾಯಿಲ್ ಬರುವಂಥ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಖಾಲಿಯಾದಾಗ ಎತ್ತಿಟ್ಟುಕೊಳ್ಳಿ. ಚುಚ್ಚಿಕೊಂಡ ಕೂಡಲೇ ಸೂಜಿಯನ್ನು ನೇರ ಅದರೊಳಗೆ ಹಾಕಿ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು ಟೇಪು ಸುತ್ತಿ, ಮೇಲೆ ದಪ್ಪಕ್ಷರದಲ್ಲಿ ‘ಸೂಜಿ’ ಅಂತ ಬರೆದು ಗಾಡಿಯವರಿಗೆ ಪ್ರತ್ಯೇಕವಾಗಿ ಕೈಗೇ ಕೊಡಿ.